ಕ್ರೆಡಿಟ್ ಲೆಕ್ಕ ಬಾಗಿಲಲ್ಲೇ ಶುರುವಾಗಲಿ

ವೈದ್ಯರು ತಮ್ಮ ಸಿಎಂಇ (ನಿರಂತರ ವೈದ್ಯಕೀಯ ಶಿಕ್ಷಣ) ಕ್ರೆಡಿಟ್‌ಗಳನ್ನೆಲ್ಲ, ಅಂದರೆ ಸಮ್ಮೇಳನ, ತರಬೇತಿಗಳಲ್ಲಿ ಭಾಗವಹಿಸಿದ್ದಕ್ಕೆ ಸಿಗುವ ಅಂಕಗಳನ್ನೆಲ್ಲ, ಒಂದೇ ಆ್ಯಪ್‌ನಲ್ಲಿ ಇಟ್ಟುಕೊಂಡರೆ ಲೆಕ್ಕದ ಗೊಂದಲ ಮುಗಿಯಿತು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಆ್ಯಪ್ ಒಳ್ಳೆಯದೇ. ಆದರೆ ಗೊಂದಲ ಹುಟ್ಟುವುದು ಸಮ್ಮೇಳನದ ನೋಂದಣಿ ಮೇಜಿನಲ್ಲಿ. ಆ ಮೇಜಿನ ಹಿಂದೆ ಕೂತು ಕೆಲಸ ಮಾಡುವವಳು ನಾನು.

ಬ್ಯಾಡ್ಜ್‌ನಲ್ಲಿ ಒಂದು ಹೆಸರು, ವೈದ್ಯಕೀಯ ಮಂಡಳಿಯ ದಾಖಲೆಯಲ್ಲಿ ಇನ್ನೊಂದು. ಇನಿಷಿಯಲ್ ಹಿಂದೆ ಮುಂದೆ ಆದರೂ ಸಾಕು, ಕ್ರೆಡಿಟ್ ಅವರ ಖಾತೆಗೆ ಸೇರದೆ ಉಳಿಯಬಹುದು. ಹೆಸರಿನ ಜೊತೆ ಮಂಡಳಿಯ ನೋಂದಣಿ ಸಂಖ್ಯೆಯನ್ನೂ ಮೊದಲೇ ಕೇಳಿ ತಾಳೆ ನೋಡಿದರೆ ಅರ್ಧ ತಲೆನೋವು ಹೋಗುತ್ತದೆ.

ಬೆಳಿಗ್ಗೆ ಒಂದು ಸಹಿ ಹಾಕಿಸಿಕೊಂಡು ಇಡೀ ದಿನದ ಕ್ರೆಡಿಟ್ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ಸಿಎಂಇ ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುವ ಯುರೋಪಿನ ಇಎಸಿಸಿಎಂಇ ವ್ಯವಸ್ಥೆಯಲ್ಲಿ ಗಂಟೆಗೆ 1 ಕ್ರೆಡಿಟ್, ದಿನಕ್ಕೆ ಹೆಚ್ಚೆಂದರೆ 8. ಲೆಕ್ಕ ಗಂಟೆಯದ್ದು ಅಂದ ಮೇಲೆ ಪ್ರತಿ ಗೋಷ್ಠಿಯ ಬಾಗಿಲಲ್ಲೂ ಬ್ಯಾಡ್ಜ್ ಸ್ಕ್ಯಾನ್ ಆಗಬೇಕು ಅಲ್ವಾ? ಒಳಗೆ ಬರುವಾಗಲೂ, ಹೊರಗೆ ಹೋಗುವಾಗಲೂ. ಸಾಲು ಉದ್ದವಾಗುತ್ತದೆ, ಕೆಲವರು ಸಿಡುಕುತ್ತಾರೆ. ಆಗಲಿ. ಕೊನೆಯವರೆಗೂ ಕೂತು ಕೇಳಿದವರಿಗೆ ಅನ್ಯಾಯ ಆಗಬಾರದು.

ಇನ್ನೊಂದು ಮಾತು. ಬರೀ ಉಪನ್ಯಾಸ ಕೇಳಿದರೆ ವೈದ್ಯರ ಕೆಲಸದ ರೀತಿ ಬದಲಾಗುವುದು ಕಷ್ಟ, ಚರ್ಚೆ ಮತ್ತು ಅಭ್ಯಾಸ ಸೇರಿದರೆ ಬದಲಾಗಬಹುದು ಅಂತ 1999ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದ ಒಂದು ಪರಿಶೀಲನಾ ಲೇಖನ ತೋರಿಸಿತ್ತು. ಆದರೂ ದೊಡ್ಡ ಸಭಾಂಗಣದ ಭಾಷಣಗಳಿಗೇ ಜಾಸ್ತಿ ಸಮಯ ಸಿಗುತ್ತಿದೆ. ಹೊಲಿಗೆ ಹಾಕುವುದನ್ನೋ, ಅಲ್ಟ್ರಾಸೌಂಡ್ ನೋಡುವುದನ್ನೋ ಕೈಯಾರೆ ಕಲಿಸುವ ಕಾರ್ಯಾಗಾರದ ಸೀಟುಗಳು ಬೇಗ ತುಂಬಿಬಿಡುತ್ತವೆ. ಆಯೋಜಕರು ದಯವಿಟ್ಟು ಅವನ್ನು ಹೆಚ್ಚಿಸಿ.