ಗ್ಯಾಸ್ ಖಾಲಿ

‘ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಿಬಿಡೋಣ.’ ಕಾರಿನ ಏಸಿ ಬಿಸಿಗಾಳಿ ಊದಿದಾಗಲೆಲ್ಲ ಗ್ಯಾರೇಜಿನಲ್ಲಿ ಇದೊಂದೇ ಮಾತು. ಮೂರು ಬೇಸಿಗೆ ನಾನೂ ತಲೆಯಾಡಿಸಿ ದುಡ್ಡು ಕೊಟ್ಟೆ. ಅಡುಗೆಮನೆಯ ಸಿಲಿಂಡರ್ ಖಾಲಿಯಾಗುತ್ತೆ, ಇದೂ ಆಗುತ್ತೆ ಅಲ್ವಾ?

ಈ ಗ್ಯಾಸ್ ಉರಿದು ಮುಗಿಯುವಂಥದ್ದಲ್ಲ ಅಂತ ಆಮೇಲೆ ತಿಳಿಯಿತು. ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್ ಎಂದು ಅದೇ ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಆವಿಯಾಗುವಾಗ ಕಾರಿನ ಸೆಕೆ ಹೀರುತ್ತದೆ. ಕಾರಿನ ಮುಂಭಾಗದ ಕಂಡೆನ್ಸರ್ ಜಾಲರಿಗೆ ಬಂದು ಮತ್ತೆ ದ್ರವವಾಗುವಾಗ ಆ ಸೆಕೆಯನ್ನು ಹೊರಗೆ ಬಿಡುತ್ತದೆ. ಮಣ್ಣಿನ ಮಡಕೆ ನೀರನ್ನು ತಣ್ಣಗಿಡುವುದೂ ಆವಿಯಿಂದಲೇ. ಮಡಕೆಯಿಂದ ಹೋದ ನೀರು ಹೋಯಿತು, ಇಲ್ಲಿ ಹೋದದ್ದು ತಿರುಗಿ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ಸೋರುತ್ತಿದೆ.

ಈ ಸಲ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ, ಮನೆ ಮುಂದೆಯೇ ಬಾನೆಟ್ ಎತ್ತಿದೆ. ಮೊದಲು ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದೆ. ಒಣಗಿದ ಹೊಂಗೆ ಎಲೆ, ಹತ್ತಿ, ಒಂದು ಹಿಡಿ ಧೂಳು. ಇಷ್ಟು ದಿನ ಉಸಿರಾಡಿದ್ದು ಇದನ್ನೇ! ಅದನ್ನು ಬದಲಿಸಲು ಐದು ನಿಮಿಷ ಸಾಕಾಯಿತು.

ಗ್ಯಾಸಿನ ಜೊತೆ ಎಣ್ಣೆಯೂ ಓಡಾಡುತ್ತದೆ. ಸೋರುವ ಕಡೆ ಅದು ಜಿನುಗಿ ಧೂಳು ಅಂಟುತ್ತದೆ. ಕಂಡೆನ್ಸರಿಗೆ ಪೈಪ್ ಸೇರುವಲ್ಲಿ ಅಂಥದೇ ಜಿಡ್ಡಿತ್ತು. ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಎದ್ದಿತು. ಫ್ರಿಜ್ ರಿಪೇರಿ ಮಾಡುವ ಗೆಳೆಯ ಉಳಿದಿದ್ದ ಗ್ಯಾಸನ್ನು ತನ್ನ ಮಷೀನಿಗೆ ಎಳೆದುಕೊಂಡ. ಸುಮ್ನೆ ಗಾಳಿಗೆ ಬಿಡುವಂತಿಲ್ಲ, ಕಾರ್ಬನ್ ಡೈಆಕ್ಸೈಡಿಗಿಂತ ಅದು ಸಾವಿರ ಪಟ್ಟಿಗೂ ಜಾಸ್ತಿ ಭೂಮಿ ಕಾಯಿಸುತ್ತದೆ. ಬಿಚ್ಚಿ ನೋಡಿದರೆ ಬಿರುಕುಬಿಟ್ಟ ಒಂದು ಓ-ರಿಂಗ್. ಕುಕ್ಕರ್ ಗ್ಯಾಸ್ಕೆಟ್ಟಿನ ತಮ್ಮನಂತಿತ್ತು. ಮೂರು ವರ್ಷ ನನ್ನ ಜೇಬು ಸೋರಿಸಿದ್ದು ಇದೇ.

ಹೊಸ ರಿಂಗಿಗೆ ಏಸಿ ಎಣ್ಣೆ ಸವರಿ ಕೂರಿಸಿದೆ. ತೇವ ಹೀರುವ ಡ್ರೈಯರನ್ನೂ ಬದಲಿಸಿದೆ. ಗೆಳೆಯನ ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆ ಓಡಿತು. ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಕದಲಲಿಲ್ಲ, ಅಂದರೆ ಸೋರಿಕೆ ನಿಂತಿದೆ. ಎಷ್ಟು ಗ್ರಾಂ ತುಂಬಬೇಕೆಂದು ಬಾನೆಟ್ ಕೆಳಗಿನ ಚೀಟಿಯಲ್ಲೇ ಇತ್ತು: 400. ಅಮ್ಮನ ಅಡುಗೆ ತಕ್ಕಡಿ ತಂದು ಆರ್-134ಎ ಅನ್ನುವ ಈ ಏಸಿ ಗ್ಯಾಸಿನ ಕ್ಯಾನನ್ನು ಅದರ ಮೇಲಿಟ್ಟೆ. ಇದಕ್ಕೆ ಕಣ್ಣಂದಾಜು ನಡೆಯುವುದಿಲ್ಲ, ಜಾಸ್ತಿಯಾದರೂ ತಂಪು ಕೆಡುತ್ತದೆ. ಕ್ಯಾನ್ ಹಗುರಾದಂತೆ ಅದರ ಮೈಯೆಲ್ಲ ಬೆವರಿತು. ಗ್ಲೌಸ್ ಬಿಚ್ಚಿ ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ.

‘ಹೋದ್ ವರ್ಷ ತುಂಬಿಸಿದ್ದು ಅಷ್ಟು ಬೇಗ ಖಾಲಿಯಾಯ್ತೇನೋ?’ ಅನ್ನುತ್ತಲೇ ಅಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಊರು ಒಂದು ಸುತ್ತು ಬರುವಷ್ಟರಲ್ಲಿ ಸೆರಗು ಹೊದ್ದುಕೊಂಡಿದ್ದಳು. ನನಗೆ ಸರ್ಟಿಫಿಕೇಟ್ ಸಿಕ್ಕ ಖುಷಿ. ಇಳಿದವಳು ಕಾರಿನಡಿ ಬಗ್ಗಿ ನೋಡಿದಳು. ಹನಿ ಹನಿಯಾಗಿ ನೀರು ತೊಟ್ಟಿಕ್ಕುತ್ತಿತ್ತು. ಅದು ಗಾಳಿಯ ತೇವ, ತಣ್ಣನೆಯ ಕಾಯಿಲ್ ತಾಗಿ ನೀರಾದದ್ದು ಅಂತ ಬಾಯಿ ತೆರೆಯುವ ಮೊದಲೇ ಅಂದಳು:

‘ಇನ್ನೂ ಸೋರ್ತಾನೇ ಇದೆಯಲ್ಲೋ!’