ಡೈಪರ್ ಪ್ಯಾಕೆಟ್ ಮೇಲಿನ ಹಸಿರು ಎಲೆ

ಮಗಳಿಗೆ ಈಗ ಏಳು ತಿಂಗಳು. ಹುಟ್ಟಿದ ಹೊಸತರಲ್ಲಿ ದಿನಕ್ಕೆ 10 ಡೈಪರ್ ಬೇಕಾಗುತ್ತಿತ್ತು. ಈಗ 6 ಸಾಕು. ಒಂದು ಸಂಜೆ ಕಸದ ಚೀಲದ ಬಾಯಿ ಕಟ್ಟಿ ಎತ್ತಿದರೆ ಕೈ ಜಗ್ಗಿತು, ಅಷ್ಟು ಭಾರ. ಒಳಗೆ ಮುಕ್ಕಾಲು ಪಾಲು ಡೈಪರೇ. ಡೈಪರ್ ಬಿಡುವ ಹೊತ್ತಿಗೆ ಒಂದು ಮಗುವಿಗೆ 4000ದಿಂದ 5000 ಬೇಕಾಗುತ್ತವೆ. ಚೀಲ ಕೈಯಲ್ಲಿ ಹಿಡಿದುಕೊಂಡೇ ಈ ಲೆಕ್ಕ ಹಾಕಿದೆ. ತುಂಬ ಸಂಕಟ ಆಯಿತು.

ಅವತ್ತೇ ಪರಿಸರಸ್ನೇಹಿ ಡೈಪರ್ ಹುಡುಕಲು ಕೂತೆ. ನೋಡಿದ ಪ್ಯಾಕೆಟ್ಟಿಗೆಲ್ಲ ಒಂದೊಂದು ಹಸಿರು ಎಲೆ. ಬಿದಿರಿನದು, ಮೆಕ್ಕೆಜೋಳದಿಂದ ಮಾಡಿದ್ದು, ಕಬ್ಬಿನಿಂದ ಮಾಡಿದ್ದು, ಸಸ್ಯಮೂಲ, ನೈಸರ್ಗಿಕ. ಓದಲು ಚೆಂದ. ಆದರೆ ನನಗೆ ಬೇಕಿದ್ದ ಒಂದು ಮಾತು ಎಲ್ಲೂ ಸಿಗಲಿಲ್ಲ. ಮಗು ಬಳಸಿದ ಮೇಲೆ ಇದು ಏನಾಗುತ್ತದೆ?

ಕೊನೆಗೆ ಮಗಳು ಮಲಗಿದ ಮೇಲೆ ಕತ್ತರಿ ತೆಗೆದುಕೊಂಡೆ. ಮಾಮೂಲಿ ಡೈಪರ್ ಒಂದು, ಎಲೆ ಚಿತ್ರದ್ದು ಒಂದು. ಎರಡನ್ನೂ ಮೇಜಿನ ಮೇಲೆ ಉದ್ದಕ್ಕೆ ಕತ್ತರಿಸಿದೆ. ಮೇಲೆ ಮೆತ್ತಗಿನ ಪದರ, ಮಗುವಿನ ಚರ್ಮಕ್ಕೆ ತಾಗುವುದು ಇದೇ. ಮಾಮೂಲಿಯದರಲ್ಲಿ ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಇನ್ನೊಂದರಲ್ಲಿ ಮೆಕ್ಕೆಜೋಳದಿಂದ ಮಾಡಿದ ಪಿಎಲ್‌ಎ ಅನ್ನುವ ಸಸ್ಯಮೂಲ ಪ್ಲಾಸ್ಟಿಕ್. ಅದರ ಕೆಳಗೆ ಹತ್ತಿಯ ಹಾಗೆ ಕಾಣುವ ಬಿಳಿ ತಿರುಳು. ಅದು ಹತ್ತಿಯಲ್ಲ, ಮರದ್ದು. ತಿರುಳನ್ನು ಕೊಡವಿದಾಗ ಸಣ್ಣ ಬಿಳಿ ಹರಳುಗಳು ಉದುರಿದವು. ಎರಡರಲ್ಲೂ ಉದುರಿದವು, ಒಂದೇ ಥರದವು.

ಆ ಹರಳಿನ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದು. ಒಂದು ಚಮಚ ಹರಳನ್ನು ಗಾಜಿನ ಲೋಟಕ್ಕೆ ಹಾಕಿ ನೀರು ಸುರಿದೆ. ಕಣ್ಣೆದುರೇ ಉಬ್ಬಿ, ನಡುಗುವ ಜೆಲ್ ಆಯಿತು. ಲೋಟ ಬೋರಲು ಹಾಕಿದರೂ ಬೀಳಲಿಲ್ಲ. ಆಮೇಲೆ ಮೇಲಿಂದ ಒಂದು ಚಿಟಿಕೆ ಉಪ್ಪು ಹಾಕಿದೆ. ಜೆಲ್ ಕುಸಿದು ನೀರು ಬಿಡತೊಡಗಿತು. ಶುದ್ಧ ನೀರಾದರೆ ಈ ಹರಳು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಮೂತ್ರದಲ್ಲಿ ಉಪ್ಪು ಇರುವುದರಿಂದ ಸುಮಾರು 30 ಪಟ್ಟಿಗೆ ಇಳಿಯುತ್ತದೆ. (ಮಾಡಿ ನೋಡುವುದಾದರೆ ಮಕ್ಕಳ ಕೈಗೆ ಸಿಗದ ಹಾಗೆ ಮಾಡಿ. ಪುಡಿ ಗಾಳಿಗೆ ಹಾರಿ ಮೂಗಿಗೆ ಹೋಗಬಾರದು.)

ಕೊನೆಯ ಪದರ, ನೀರು ಹೊರಗೆ ಬಾರದ ಹಾಗೆ ತಡೆಯುವುದು. ಮಾಮೂಲಿಯದರಲ್ಲಿ ಪಾಲಿಥಿನ್. ಎಲೆ ಚಿತ್ರದ್ದರಲ್ಲಿ "ಕಬ್ಬಿನಿಂದ ತಯಾರಿಸಿದ್ದು". ನಾನು ಮೋಸ ಹೋಗಿದ್ದು ಇಲ್ಲೇ. ಬಹಳ ಜನ ಮೋಸ ಹೋಗುವುದೂ ಇಲ್ಲೇ. ಕಬ್ಬಿನಿಂದ ಪಾಲಿಥಿನ್ ಮಾಡಬಹುದು. ಆದರೆ ಮಾಡಿದ ಮೇಲೆ ಅದು ಪಾಲಿಥಿನ್ನೇ. ಪೆಟ್ರೋಲಿಯಂನಿಂದ ಬಂದ ಪಾಲಿಥಿನ್‌ಗೂ ಅದಕ್ಕೂ ರಚನೆಯಲ್ಲಿ ವ್ಯತ್ಯಾಸ ಇಲ್ಲ. ಅದರಷ್ಟೇ ಕಾಲ ಮಣ್ಣಲ್ಲಿ ಉಳಿಯುತ್ತದೆ. ಸಸ್ಯದಿಂದ ಬಂತು ಅನ್ನುವುದು ಒಂದು ಮಾತು, ಕೊಳೆಯುತ್ತದೆ ಅನ್ನುವುದು ಬೇರೆಯೇ ಮಾತು. ಪ್ಯಾಕೆಟ್ ಮೊದಲನೆಯದನ್ನು ಹೇಳುತ್ತದೆ, ನಾವು ಎರಡನೆಯದನ್ನು ಕೇಳಿಸಿಕೊಳ್ಳುತ್ತೇವೆ.

ಹಾಗಾದರೆ ಪಿಎಲ್‌ಎ? ಅದು ಕೊಳೆಯುತ್ತದೆ, ನಿಜ. ಆದರೆ ಅದಕ್ಕೆ 60 ಡಿಗ್ರಿ ಹತ್ತಿರದ ಬಿಸಿ ಬೇಕು, ತೇವ ಬೇಕು, ಗಾಳಿ ಬೇಕು. ಇವೆಲ್ಲ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಸಿಗುತ್ತವೆ. ಕಸದ ಗುಡ್ಡದ ಆಳದಲ್ಲಿ ಸಿಗುವುದಿಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ವಜ್ಞ ವಿಲಿಯಂ ರಾತ್ಜೆ 1973ರಲ್ಲಿ ಜನರ ಕಸವನ್ನು ಅಧ್ಯಯನ ಮಾಡಲು ಶುರು ಮಾಡಿದರು. ಆಮೇಲೆ ಅವರ ತಂಡ ಕಸದ ಗುಡ್ಡಗಳನ್ನೇ ಅಗೆಯಿತು. ಹತ್ತಾರು ವರ್ಷ ಹಳೆಯ ದಿನಪತ್ರಿಕೆಗಳು ಇನ್ನೂ ಓದುವ ಹಾಗೇ ಇದ್ದವು. ಬರೀ ಕಾಗದವೇ ಕೊಳೆಯದ ಜಾಗದಲ್ಲಿ ಬಿಗಿಯಾಗಿ ಸುತ್ತಿದ ಡೈಪರ್ ಕೊಳೆಯುತ್ತದೆ ಅಂತ ಹೇಗೆ ನಂಬುವುದು? ಅಲ್ಪಸ್ವಲ್ಪ ಕೊಳೆತರೂ, ಗಾಳಿ ಇಲ್ಲದ ಕಡೆ ಅದರಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬರುತ್ತದೆ.

ಹಾಗಂತ "ಡೈಪರ್ ಕರಗಲು 500 ವರ್ಷ ಬೇಕು" ಅನ್ನುವ ಮಾತನ್ನೂ ನಾನು ಹಂಚುವುದಿಲ್ಲ. ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಿದ್ದೇ 1961ರಲ್ಲಿ. 500 ವರ್ಷ ಕಾದು ನೋಡಿದವರು ಯಾರೂ ಇಲ್ಲ. ನಮ್ಮ ಮಕ್ಕಳ ಕಾಲ, ಅವರ ಮಕ್ಕಳ ಕಾಲ ದಾಟಿಯೂ ಉಳಿಯುತ್ತದೆ ಅನ್ನುವುದೇ ಸಾಕಷ್ಟು ದೊಡ್ಡ ವಿಷಯ ಅಲ್ವಾ?

ಬಟ್ಟೆ ಡೈಪರ್ ಬಳಸಿ ಅಂತ ಹೇಳುವವರು ಸರಿಯಾಗಿಯೇ ಹೇಳುತ್ತಾರೆ. ಬ್ರಿಟನ್ ಸರ್ಕಾರ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಟ್ಟೆಯದರಿಂದ ಹವಾಮಾನದ ಮೇಲೆ ಬೀಳುವ ಹೊರೆ ಸುಮಾರು 25% ಕಡಿಮೆ. ಆದರೆ ಒಗೆಯುವ ರೀತಿಯ ಮೇಲೆ ಇದು ತುಂಬ ಬದಲಾಗುತ್ತದೆ. ತೀರಾ ಬಿಸಿ ನೀರು, ಅರ್ಧ ತುಂಬಿದ ಮೆಷಿನ್, ಡ್ರೈಯರ್ ಎಲ್ಲ ಸೇರಿದರೆ ಆ ಲಾಭ ಹೋಗಿಬಿಡುತ್ತದೆ. ನಾನು ಹಗಲು ಮನೆಯಲ್ಲಿರುವಾಗ ಬಟ್ಟೆಯದು ಹಾಕುತ್ತೇನೆ. ರಾತ್ರಿ ಮತ್ತು ಹೊರಗೆ ಹೋದಾಗ ಆಗುತ್ತಿಲ್ಲ. ಒಗೆಯಲು ಸಮಯ, ಜಾಗ, ಇನ್ನೊಂದು ಜೊತೆ ಕೈ ಇಲ್ಲದ ಮನೆಯವರಿಗೆ ಅಷ್ಟೂ ಆಗದಿರಬಹುದು. ಅವರನ್ನು ಯಾರೂ ದೂರಬೇಡಿ, ದಯವಿಟ್ಟು.

ಈಗ ನಾನು ಪ್ಯಾಕೆಟ್‌ನಲ್ಲಿ ಏನು ನೋಡುತ್ತೇನೆ ಅಂದರೆ, ಮೊದಲು ವಾಸನೆ. ಸುಗಂಧ ಹಾಕಿದ್ದರೆ ಅಲ್ಲೇ ಇಟ್ಟುಬಿಡುತ್ತೇನೆ. ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ 2019ರಲ್ಲಿ ಮಕ್ಕಳ ಡೈಪರ್‌ಗಳ ಬಗ್ಗೆ ವರದಿ ಕೊಟ್ಟಿತು. ಸುಗಂಧ ದ್ರವ್ಯಗಳನ್ನು ಪೂರ್ತಿ ಕೈಬಿಡಿ ಅಂತ ಅದರಲ್ಲಿ ಹೇಳಿತ್ತು. ಮಗುವಿಗೆ ಅದರಿಂದ ಏನೂ ಲಾಭ ಇಲ್ಲ. ಆಮೇಲೆ ತಿರುಳನ್ನು ಹೇಗೆ ಬಿಳಿ ಮಾಡಿದ್ದಾರೆ ಅಂತ ನೋಡುತ್ತೇನೆ. "ಕ್ಲೋರಿನ್ ಇಲ್ಲ" ಅನ್ನುವುದಕ್ಕೆ ಎರಡು ಅರ್ಥ ಇದೆ. ಇಸಿಎಫ್ ಅಂದರೆ ಕ್ಲೋರಿನ್ ಅನಿಲ ಬಳಸಿಲ್ಲ, ಕ್ಲೋರಿನ್ ಡೈಆಕ್ಸೈಡ್ ಬಳಸಿದ್ದಾರೆ. ಟಿಸಿಎಫ್ ಅಂದರೆ ಕ್ಲೋರಿನ್ನಿನ ಯಾವ ರೂಪವನ್ನೂ ಬಳಸಿಲ್ಲ, ಆಮ್ಲಜನಕ ಅಥವಾ ಪೆರಾಕ್ಸೈಡ್‌ನಿಂದ ಬಿಳಿ ಮಾಡಿದ್ದಾರೆ. ಸಿಕ್ಕರೆ ಟಿಸಿಎಫ್ ತೆಗೆದುಕೊಳ್ಳುತ್ತೇನೆ. ಮರಕ್ಕೆ ಎಫ್‌ಎಸ್‌ಸಿ ಗುರುತು, ಅಂದರೆ ಜವಾಬ್ದಾರಿಯಿಂದ ನೋಡಿಕೊಳ್ಳುವ ಕಾಡಿನ ಮರ ಅನ್ನುವ ಗುರುತು, ಇದ್ದರೆ ಒಳ್ಳೆಯದು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಗುರುತು ಹಾನಿಕರ ರಾಸಾಯನಿಕಗಳ ಪರೀಕ್ಷೆಗೆ ಸಂಬಂಧಿಸಿದ್ದು. ಡೈಪರ್ ಕೊಳೆಯುತ್ತದೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಬಿದಿರಿನ ಚಿತ್ರಕ್ಕೆ ನಾನು ಈಗ ಬೆಲೆ ಕೊಡುವುದಿಲ್ಲ. ಹೆಚ್ಚಿನ ಸಲ ಅದು ಮೇಲಿನ ತೆಳು ಪದರ ಮಾತ್ರ, ಅದೂ ರಾಸಾಯನಿಕಗಳಲ್ಲಿ ಕರಗಿಸಿ ಮಾಡಿದ ವಿಸ್ಕೋಸ್ ಅನ್ನುವ ನಾರು.

ಜೆಲ್ ಹರಳು ಇಲ್ಲದ ಡೈಪರ್ ಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹರಳು ಬಂದ ಮೇಲೆಯೇ ಡೈಪರ್ ತೆಳ್ಳಗಾಗಿದ್ದು, ತಿರುಳು ಕಡಿಮೆ ಸಾಕಾಗಿದ್ದು. ಅದನ್ನು ತೆಗೆದರೆ ಡೈಪರ್ ದಪ್ಪ ಆಗುತ್ತದೆ, ಬೇಗ ಒದ್ದೆ ಆಗುತ್ತದೆ, ದಿನಕ್ಕೆ ಜಾಸ್ತಿ ಡೈಪರ್ ಬೇಕಾಗುತ್ತದೆ. ಬಿಸಾಡುವ ಡೈಪರ್‌ನ ಹೊರೆಯಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವುದರಲ್ಲೇ ಆಗಿಹೋಗಿರುತ್ತದೆ, ನಮ್ಮ ಮನೆಗೆ ಬರುವ ಮೊದಲೇ. ಹಾಗಾಗಿ ಎಷ್ಟು ಬಳಸುತ್ತೇವೆ ಅನ್ನುವುದು ಯಾವ ಎಲೆ ಚಿತ್ರಕ್ಕಿಂತಲೂ ಮುಖ್ಯ.

ಇದು ಗೊತ್ತಾದ ಮೇಲೆ ಸಣ್ಣ ಸಣ್ಣ ವಿಷಯಕ್ಕೆ ಗಮನ ಕೊಟ್ಟೆ. ಮಗಳ ತೊಡೆಯ ಮೇಲೆ ಕೆಂಪು ಗೆರೆ ಕಾಣಿಸುತ್ತಿತ್ತು, ರಾತ್ರಿ ಸೋರುತ್ತಲೂ ಇತ್ತು. ಡೈಪರ್ ಸರಿಯಿಲ್ಲ ಅಂತ ಎರಡು ಬ್ರ್ಯಾಂಡ್ ಬದಲಿಸಿದ್ದೆ. ಕೊನೆಗೆ ನೋಡಿದರೆ ಸೈಜ್ ಚಿಕ್ಕದಾಗಿತ್ತು. ಒಂದು ಸೈಜ್ ದೊಡ್ಡದು ಹಾಕಿದ ಮೇಲೆ ಸೋರುವುದು ನಿಂತಿತು. ಮಧ್ಯರಾತ್ರಿ ಬದಲಿಸುತ್ತಿದ್ದ ಒಂದು ಡೈಪರ್ ಉಳಿಯಿತು, ಅವಳ ನಿದ್ದೆಯೂ ಉಳಿಯಿತು. ಮಲ ಮಾಡಿದಾಗ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಮಲವನ್ನು ಟಾಯ್ಲೆಟ್‌ಗೆ ಹಾಕಿ, ಡೈಪರ್ ಸುತ್ತಿ, ಅದರದೇ ಟೇಪ್ ಅಂಟಿಸಿ ಕಸಕ್ಕೆ ಹಾಕಿ. ಡೈಪರನ್ನು ಫ್ಲಶ್ ಮಾಡಬೇಡಿ, ಸುಡಲಂತೂ ಬೇಡವೇ ಬೇಡ.

ಕಳೆದ ತಿಂಗಳು ಮೂರು ಕಂಪನಿಗಳಿಗೆ ಒಂದೇ ಪ್ರಶ್ನೆ ಬರೆದು ಕಳಿಸಿದೆ. ಪ್ರತಿ ಪದರ ಯಾವುದರಿಂದ ಮಾಡಿದ್ದು, ಬಳಸಿದ ಮೇಲೆ ಏನು ಮಾಡಬೇಕು? ಒಬ್ಬರು ಉತ್ತರ ಕೊಡಲಿಲ್ಲ. ಇನ್ನೊಬ್ಬರು ಬಿದಿರಿನ ಬಗ್ಗೆ ಎರಡು ಪುಟ ಕಳಿಸಿದರು. ಮೂರನೆಯವರು ನಾಲ್ಕೇ ಸಾಲು ಬರೆದರು. ಮೇಲಿನ ಪದರ ಪಿಎಲ್‌ಎ, ತಿರುಳು ಟಿಸಿಎಫ್, ಹರಳು ಮತ್ತು ಎಲಾಸ್ಟಿಕ್ ಪೆಟ್ರೋಲಿಯಂನಿಂದ ಬಂದದ್ದು. ಇಡೀ ಡೈಪರ್ ಕೊಳೆಯುವುದಿಲ್ಲ, ಮನೆಯ ಕಾಂಪೋಸ್ಟ್‌ಗೆ ಹಾಕಬೇಡಿ. ಈಗ ಅವರದೇ ಡೈಪರ್ ತರಿಸುತ್ತಿದ್ದೇನೆ.