ಸೇಫ್ಟಿ ಹಾಕಿದ್ದರೆ ಗುಂಡು ಹಾರುವುದಿಲ್ಲವೇ?

‘ಬಂದೂಕಿನ ಟ್ರಿಗರ್ ಬಿಗಿಯಾಗಿದ್ದರೆ ಒಳಗಿನ ಕೊಂಡಿಯನ್ನು ಅರದಿಂದ ಸ್ವಲ್ಪ ಉಜ್ಜಿರಿ, ಗುರಿ ಸುಧಾರಿಸುತ್ತದೆ. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ಹಾಕಿಟ್ಟರೆ ಅಪಾಯವಿಲ್ಲ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಮೊದಲ ಮಾತಿನಲ್ಲಿ ಅರೆಪಾಲು ನಿಜವಿದೆ: ಟ್ರಿಗರ್ ಹಗುರವಾದರೆ ಎಳೆಯುವಾಗ ಕೈ ಅಲುಗುವುದು ಕಡಿಮೆ. ಎರಡನೆಯ ಮಾತನ್ನು ನಂಬಿದರೆ ಕೆಟ್ಟಿರಿ.

ಹಾರಿಸಲು ಸಜ್ಜಾದ ಬಂದೂಕಿನಲ್ಲಿ, ಬಡಿದು ಗುಂಡು ಹಾರಿಸುವ, ಸ್ಪ್ರಿಂಗಿನ ಬಿಗುವಿನಲ್ಲಿರುವ ಹ್ಯಾಮರನ್ನು ಸಿಯರ್ ಎಂಬ ಪುಟ್ಟ ಉಕ್ಕಿನ ಅಂಚು (ಸಂದೇಶ ಹೇಳುವ ಕೊಂಡಿ ಇದೇ) ತಡೆದು ನಿಲ್ಲಿಸಿರುತ್ತದೆ. ಇವೆರಡೂ ಕಚ್ಚಿಕೊಂಡಿರುವ ಜಾಗ ತೀರಾ ಕಿರಿದು. ಎಷ್ಟೋ ಬಂದೂಕುಗಳಲ್ಲಿ ಆ ಅಂಚಿನ ಮೇಲ್ಪದರವನ್ನಷ್ಟೇ ಗಟ್ಟಿಗೊಳಿಸಿರುತ್ತಾರೆ. ಅರ ಆಡಿಸಿದರೆ ಆ ಪದರ ಹೋಗಿ ಒಳಗಿನ ಮೆದು ಲೋಹ ಹೊರಬೀಳುತ್ತದೆ. ಮೊದಲ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಬರಬರುತ್ತ ಅಂಚು ಸವೆದು ಹಿಡಿತ ಸಡಿಲವಾಗುತ್ತದೆ. ಆಮೇಲೆ ಬಂದೂಕು ಕೈಜಾರಿ ಬಿದ್ದರೂ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಜೋರಾಗಿ ಮುಚ್ಚಿಕೊಂಡರೂ, ಟ್ರಿಗರ್ ಮುಟ್ಟದೆಯೇ ಗುಂಡು ಹಾರಬಹುದು. ಆಗ ಸೇಫ್ಟಿ ಏನು ಮಾಡೀತು? ಹಲವು ಮಾದರಿಗಳಲ್ಲಿ ಅದು ತಡೆಯುವುದು ಟ್ರಿಗರನ್ನು ಮಾತ್ರ. ಕೊಂಡಿ ತಪ್ಪಿದ ಹ್ಯಾಮರನ್ನಲ್ಲ.

ಪರೀಕ್ಷಾ ಮುದ್ರೆಯಿರುವ (ಒತ್ತಡ ತಾಳುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತು) ನಳಿಗೆಯನ್ನು ಕೊರೆದು ಬೇರೆ ತೋಟಾ ಬಳಸಬಹುದು ಎಂಬುದೂ ಇದೇ ಜಾತಿಯ ಮಾತು. ಮುದ್ರೆ ಬಿದ್ದದ್ದು ಕೊರೆಯುವ ಮೊದಲಿದ್ದ ನಳಿಗೆಗೆ. ಅನೇಕ ರೈಫಲ್ ತೋಟಾಗಳ ಒತ್ತಡ ಚದರ ಇಂಚಿಗೆ ಸುಮಾರು 60,000 ಪೌಂಡ್. ತೆಳುವಾದ ಲೋಹ ಬಿರಿದರೆ, ಬಿರಿಯುವುದು ಹಿಡಿದವರ ಮುಖದ ಹತ್ತಿರವೇ.

ಟ್ರಿಗರ್ ನಿಜಕ್ಕೂ ತೊಂದರೆ ಕೊಡುತ್ತಿದ್ದರೆ ಗುಂಡು ತೆಗೆದು, ಪರವಾನಗಿ ಪಡೆದ ದುರಸ್ತಿಗಾರರಿಗೆ ಒಪ್ಪಿಸಿ. ಭಾಗ ಬದಲಿಸಿದ ಮೇಲೆ ಖಾಲಿ ಬಂದೂಕಿನಲ್ಲಿ ಹಿಡಿತವನ್ನು ಪರೀಕ್ಷಿಸಿದರೇ ಎಂದು ಕೇಳಿ ತಿಳಿದುಕೊಳ್ಳಿ.